ನೀರು ನಿಂತ ಹೊತ್ತು

ದೋಣಿಯ ಮೂತಿ ನೀರೊಳಗೆ ಹೋದದ್ದನ್ನು ಮೊದಲು ಕಂಡವನು ಅಳಿಯ. ಜೊಂಡಿನ ಹೊರೆ ಕೆಳಗಿಟ್ಟು, ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದ. ಬೆಳಗ್ಗೆ ದಿಬ್ಬದ ಬುಡದಲ್ಲಿ, ಒಣಗಿದ ಮರದ ಮೋಟಿಗೆ ಕಟ್ಟಿ ಬಂದಿದ್ದ ದೋಣಿ. ಈಗ ಮೋಟೇ ಕಾಣುತ್ತಿಲ್ಲ. ಹಗ್ಗ ಗಿಡ್ಡ. ಏರುವ ನೀರಿನ ಜೊತೆ ಏರಲಾರದೆ ದೋಣಿ ಮೂಗು ಮುಳುಗಿಸಿ, ಹೊಟ್ಟೆ ತುಂಬ ನೀರು ಕುಡಿದು, ಹಿಂಭಾಗವನ್ನು ಮಾತ್ರ ಮೇಲಿಟ್ಟುಕೊಂಡು ಅಲ್ಲಾಡುತ್ತಿತ್ತು. ಇಲ್ಲಿ ಒಂದು ಹನಿ ಮಳೆ ಬಿದ್ದಿಲ್ಲ. ಎಲ್ಲೋ ಮೇಲೆ ಸುರಿದದ್ದು ಸದ್ದಿಲ್ಲದೆ ಇಳಿದು ಬಂದು, ನದಿಕಾಡಿನ ಮರಗಳನ್ನು ಸೊಂಟದವರೆಗೆ ನುಂಗಿ, ದಿಬ್ಬವನ್ನು ಸುತ್ತುವರಿದಿತ್ತು.

ಹಗ್ಗ ಉದ್ದ ಬಿಡಲೇ ಎಂದು ಅವನು ಬೆಳಗ್ಗೆ ಕೇಳಿದ್ದ. "ಯಾಕೆ ಅಳಿಯಂದ್ರೇ, ದೋಣಿಗೆ ಊರು ಸುತ್ತೋ ಆಸೆ ಬಂದಿದ್ಯಾ? ನೆರೆಗೆ ಇನ್ನೂ ದಿನ ಇದೆ, ಗಿಡ್ಡ ಕಟ್ಟಿ" ಎಂದು ಅತ್ತೆ ನಕ್ಕಿದ್ದಳು. ಬೇಸಿಗೆಯಲ್ಲಿ ಹಗ್ಗ ಗಿಡ್ಡ, ನೆರೆಗಾಲದಲ್ಲಿ ಉದ್ದ. ಜೊಂಡು ಕೊಯ್ಯುವವರ ಕಟ್ಟಳೆ ಅದು. ಇಟ್ಟಿಗೆ ಗೂಡಿನಲ್ಲಿ ದುಡಿದು ಬೆಳೆದು, ಮದುವೆಯಾದ ಮೇಲೆ ಈಜು ಕಲಿತ ಈ ಮನೆಅಳಿಯನಿಗೆ ಅದನ್ನು ಹೇಳಿಕೊಟ್ಟವಳೂ ಅವಳೇ. ಬಾಯಿ ತೆರೆದರೆ ಆಚೆ ದಡಕ್ಕೂ ಕೇಳುವಂತೆ ಬಯ್ಯುವ ಹೆಂಗಸು ಈಗ ತುಟಿಪಿಟಕ್ಕೆನ್ನದೆ ನಿಂತಿದ್ದಳು. ಅವಳ ಕಣ್ಣು ನೆಟ್ಟ ಕಡೆಗೆ ಅವನೂ ತಿರುಗಿದ.

ಅವಳು ನೋಡುತ್ತಿದ್ದುದು ದೋಣಿಯನ್ನಲ್ಲ. ದಿಬ್ಬದ ಆ ತುದಿಯಲ್ಲಿ ಒಂದು ಚಿರತೆ ಕೂತು ಒದ್ದೆ ಮೈ ನೆಕ್ಕಿಕೊಳ್ಳುತ್ತಿತ್ತು.

"ಕೂತ್ಕೋ" ಎಂದು ಅತ್ತೆ ಪಿಸುಗುಟ್ಟಿದಳು. "ಓಡಬೇಡ. ಓಡೋಕೆ ಜಾಗ ಆದ್ರೂ ಎಲ್ಲಿದೆ." ಬಯ್ಯುವಾಗಲೂ ಬಹುವಚನ ಬಿಡದವಳು ಇವತ್ತು ಅದನ್ನೂ ಮರೆತಿದ್ದಳು.

"ನಮ್ಮನ್ನ ಏನೂ ಮಾಡಲ್ವಾ ಅತ್ತೆ?"

"ನೀರು ಏರ್ತಿರೋ ತನಕ ಏನೂ ಮಾಡಲ್ಲ. ಅದಕ್ಕೂ ಪ್ರಾಣಭಯ. ನಮ್ಮಪ್ಪ ಒಂದ್ಸಲ ಹೀಗೇ ಕಾಡುಹಂದಿ ಪಕ್ಕದಲ್ಲಿ ಇಡೀ ದಿನ ಕೂತಿದ್ದ."

"ಇಳಿದ ಮೇಲೆ?"

ಅತ್ತೆ ಜೊಂಡಿನ ಕಡ್ಡಿಯೊಂದನ್ನು ನೀರಿನ ಅಂಚಿಗೆ ಚುಚ್ಚಿ ಅದನ್ನೇ ನೋಡುತ್ತ ಕೂತಳು.

ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕುಡುಗೋಲು ಕೈಯಲ್ಲಿದೆ, ದೋಣಿ ಕಣ್ಣೆದುರಿಗಿದೆ. "ನಾನು ಇಳಿದು ಹಗ್ಗ ಕತ್ತರಿಸಿಬಿಡ್ತೀನಿ. ದೋಣಿ ಮೇಲೆ ಬಂದ್ರೆ ಹಿಡ್ಕೊಂಡು ತೇಲಿ ಹೋಗ್ಬಹುದು" ಎಂದ.

"ಈಗ ಬೇಡ. ಏರೋ ನೀರಿಗೆ ಸೆಳೆತ ಜಾಸ್ತಿ, ನಿನ್ನ ಈಜು ಅದಕ್ಕೆ ಸಾಲಲ್ಲ. ಏರೋದು ನಿಂತ ಕೂಡ್ಲೇ ಸ್ವಲ್ಪ ಹೊತ್ತು ಸೆಳೆತ ಸತ್ತಿರುತ್ತೆ. ಆಗ ಇಳಿ." ಅತ್ತೆ ಕಡ್ಡಿಯಿಂದ ಕಣ್ಣೆತ್ತದೆ ಸೇರಿಸಿದಳು, "ನಮಗೆ ಗೊತ್ತಾಗೋ ಹೊತ್ತಿಗೆ ಚಿರತೆಗೂ ಗೊತ್ತಾಗುತ್ತೆ."

ದಿಬ್ಬ ಕುಗ್ಗುತ್ತ ಬಂತು. ನಾಲ್ಕಾರು ಚಾಪೆ ಹಾಸುವಷ್ಟು ಜಾಗ ಉಳಿಯಿತು. ಚಿರತೆ ಎದ್ದು ಎರಡು ಹೆಜ್ಜೆ ಇತ್ತ ಬಂದು ಕೂತಿತು. ಇವರು ಕೂತಲ್ಲೇ ಎರಡು ಹೆಜ್ಜೆಯಷ್ಟು ಹಿಂದೆ ಜರುಗಿದರು. ಅದರ ಒದ್ದೆ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಮನೆಯಲ್ಲಿ ಹೆಂಡತಿ ನೆನೆಸಿದ ಜೊಂಡು ಹರವಿಕೊಂಡು ಚಾಪೆ ನೇಯುತ್ತಿರುತ್ತಾಳೆ. ಅವಳಿಗೆ ಈ ಲೋಕದಲ್ಲಿ ನಮ್ಮವರು ಎಂದು ಇರುವುದೇ ಇಬ್ಬರು. ಆ ಇಬ್ಬರೂ ಒಂದೇ ದಿನ ಮನೆಗೆ ಬರದೇ ಹೋದರೆ? ಅವನ ಕಣ್ಣಲ್ಲಿ ನೀರು ತುಂಬಿತು. ಏರುವ ನೀರಿಗೆ ನಿಲ್ಲು ಎನ್ನಬೇಕೋ ಬೇಡವೋ ತಿಳಿಯದೆ, ಮನಸ್ಸಿನಲ್ಲಿ ಹೆಂಡತಿಯ ಹೆಸರನ್ನಷ್ಟೇ ಹೇಳಿಕೊಳ್ಳುತ್ತ ಕೂತ.

ಕಡ್ಡಿಯ ಮೇಲೆ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆಯ ಗೆರೆ ಕಂಡಿತು. ನೀರು ಕೂದಲೆಳೆಯಷ್ಟು ಇಳಿದಿತ್ತು.

ಚಿರತೆ ನೆಕ್ಕುವುದನ್ನು ನಿಲ್ಲಿಸಿತು. ತಲೆ ಎತ್ತಿ, ಇಷ್ಟು ಹೊತ್ತು ಇವರು ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ, ಮೊದಲ ಸಲ ಇವರ ಕಡೆ ನೋಡಿತು.

"ಏಳು" ಎಂದಳು ಅತ್ತೆ. "ಬೆನ್ನು ತೋರಿಸಬೇಡ. ಹಿಂದ್ಹಿಂದಕ್ಕೆ ನಡಿ." ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಹಿಮ್ಮುಖವಾಗಿ ನೀರಿಗಿಳಿದರು. ಮೊಣಕಾಲು, ಸೊಂಟ, ಎದೆ. ದೋಣಿಯ ಹಿಂಭಾಗ ಭುಜಕ್ಕೆ ತಾಗಿತು. "ನೀನು ಮುಳುಗು. ಅದನ್ನ ನಾನು ನೋಡ್ತಿರ್ತೀನಿ, ಕಣ್ಣು ತೆಗೆಯಲ್ಲ."

ಅವನು ಮುಳುಗಿದ. ಕೆಸರು ನೀರಿನಲ್ಲಿ ಏನೂ ಕಾಣದು. ತಡಕಾಡುತ್ತ ದೋಣಿಯ ಮೂತಿಗೆ ಹೋದ. ಹಗ್ಗ ಬಿಗಿದು ಕಬ್ಬಿಣದ ಸಲಾಕೆಯಾಗಿತ್ತು. ತಾನೇ ಹಾಕಿದ ಗಂಟು. ಎರಡು ಸುತ್ತು ಹೆಚ್ಚೇ ಸುತ್ತಿದ್ದ. ಕುಡುಗೋಲಿನ ಹಲ್ಲಿಗೆ ಎಳೆ ಎಳೆಯಾಗಿ ಸಿಕ್ಕಿತು. ಎದೆ ಒಡೆಯುವಂತಾಯಿತು. ಇನ್ನು ಆಗುವುದೇ ಇಲ್ಲ ಅನ್ನುವಾಗ ಕೊನೆಯ ಎಳೆ ತುಂಡಾಗಿ, ದೋಣಿ ಅವನ ದವಡೆಗೆ ಗುದ್ದಿ ಮೇಲಕ್ಕೆ ಚಿಮ್ಮಿತು.

"ಬಿಡ್ತು ಅತ್ತೆ, ಬಿಡ್ತು. ಹಿಡ್ಕೊಳ್ಳಿ" ಎಂದು ಕೆಮ್ಮುತ್ತ, ನಗುತ್ತ ಮೇಲೆ ಬಂದ.

ಅತ್ತೆ ಅವನತ್ತ ನೋಡಲಿಲ್ಲ. ನೋಡುತ್ತೇನೆ ಎಂದಿದ್ದ ದಿಬ್ಬದ ಕಡೆಗೂ ಅವಳ ಕಣ್ಣಿರಲಿಲ್ಲ. ದಿಬ್ಬ ಬರಿದಾಗಿತ್ತು. ಅವಳು ನೋಡುತ್ತಿದ್ದುದು ನೀರಿನ ಮೇಲೆ ತುದಿಯಷ್ಟೇ ಕಾಣುತ್ತಿದ್ದ, ಇವರು ಕೊಯ್ಯದೆ ಬಿಟ್ಟ ಜೊಂಡನ್ನು. ಗಾಳಿ ಇರಲಿಲ್ಲ. ಆದರೂ ಜೊಂಡು ಆ ಕಡೆಯಿಂದ ಈ ಕಡೆಗೆ ಅಲುಗುತ್ತ ಬರುತ್ತಿತ್ತು.

"ಅದೆಲ್ಲಿ ಅತ್ತೆ?"

"ಮೆಲ್ಲಗೆ" ಎಂದಳು ಅತ್ತೆ. "ನೀನು ಮುಳುಗಿದಾಗಲೇ ಅದೂ ನೀರಿಗೆ ಇಳೀತು."