ಹುಳದ ಮನೆಯ ಬೋರ್ಡು

ರೇಷ್ಮೆ ಹುಳ ಸಾಕುವ ಮನೆಯ ಬಾಗಿಲಲ್ಲಿದ್ದ ತಗಡಿನ ಬೋರ್ಡನ್ನು ಲತಾಮಣಿ ಮೊಳೆಯಿಂದ ಬಿಡಿಸಿಕೊಂಡಳು. ‘ಬೀಡಿ, ಸಿಗರೇಟು ಸೇದಿ ಒಳಗೆ ಬರಬಾರದು’ ಎಂದು ಅದರ ಮೇಲೆ ಬರೆದಿತ್ತು. ಅವಳ ಎದೆಯೊಳಗೆ ಸಿಳ್ಳೆ ಹಾಕಿದಂತೆ ಸದ್ದಾಗುತ್ತಿತ್ತು. ಅಂಗಳದಲ್ಲೇ ನಿಂತು, ಆಸ್ತಮಾ ಪಂಪನ್ನು ಬಾಯಿಗಿಟ್ಟು ಎಳೆದುಕೊಂಡಳು.

“ಇನ್ನೂ ಆ ಪಂಪು ಬುಟ್ಟಿಲ್ವಾ? ಅಭ್ಯಾಸ ಆಗೋಯ್ತದೆ ಕಣವ್ವ,” ಎಂದರು ನಡುಮನೆಯಲ್ಲಿ ಬೀಡಿ ಸೇದುತ್ತ ಕೂತಿದ್ದ ಮಾವ ಚಿಕ್ಕೀರಯ್ಯ.

“ಅಭ್ಯಾಸ ಆಗಿರೋದು ನಿಮಗೆ ಮಾವ. ನಂದು ಔಷಧಿ.”

ಇದೇ ಮಾವ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಮೊದಲು ಬೀಡಿಯನ್ನು ಆಚೆಯೇ ಹೊಸಕಿ, ಕೈ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಕಾಲಿಡುತ್ತಿದ್ದರು. ಹೊಗೆ ತಗುಲಿದರೆ ಹುಳ ಸೊಪ್ಪು ಮುಟ್ಟುವುದಿಲ್ಲವೆಂಬ ಭಯ. ಬಿಡದಿಯ ಫ್ಯಾಕ್ಟರಿಯಿಂದ ಬಂದ ಮಗ ಒಮ್ಮೆ ಸಿಗರೇಟು ಸೇದಿ ಹಾಗೇ ಒಳಹೊಕ್ಕಿದ್ದಕ್ಕೆ ಊರಿಗೆಲ್ಲ ಕೇಳುವಂತೆ ಬೈದಿದ್ದರು. ಸೊಸೆ ಗೋಡೆ ಹಿಡಿದು ಉಸಿರಿಗೆ ಬಾಯಿಬಿಟ್ಟಾಗ ಮಾತ್ರ ನಡುಮನೆಯಲ್ಲಿ ಒಂದು ಬೀಡಿಯೂ ಆರಿರಲಿಲ್ಲ. ಮನೆಯೊಳಗೆ ಹೊಗೆ ಕೂಡದೆಂದು ಚನ್ನಪಟ್ಟಣದ ಡಾಕ್ಟರು ಹೇಳಿದ್ದನ್ನು ಅವಳು ಮೂರು ಸಲ ಹೇಳಿ ಸೋತಿದ್ದಳು.

ಈಗ ಗುಂಡುಕಲ್ಲು ತಂದು, ವಾಸದ ಮನೆಯ ಬಾಗಿಲಿಗೆ ಮೊಳೆ ಹೊಡೆದು ಬೋರ್ಡು ತೂಗುಹಾಕಿದಳು.

“ಏಯ್, ಅದು ಹುಳಕ್ಕೆ ಹಾಕಿರೋದು ಕಣವ್ವ!”

“ಹುಳಕ್ಕೆ ಬೋರ್ಡು ಬೇಕಾಗಿಲ್ಲ ಮಾವ, ಅಲ್ಲಿ ನೀವೇ ಕಾವಲಿದ್ದೀರ. ನನ್ನ ಉಸುರಿಗೆ ಯಾರವ್ರೆ?”

ಲತಾಮಣಿ ಹೊಸಿಲಾಚೆ ಒಂದು ಚೊಂಬು ನೀರಿಟ್ಟು, ಮಾವ ಎದ್ದು ಆಚೆ ಹೋಗಲೆಂದು ಬಾಗಿಲನ್ನು ಅಗಲವಾಗಿ ತೆರೆದು ಹಿಡಿದಳು.