ನಡೆದ ದಿನವೇ ಧಾರೆ

ತನ್ನದೇ ಲಗ್ನಪತ್ರಿಕೆ ಹಂಚಲು ಹೊರಟ ಮಗ ಬೈಕಿನಿಂದ ಬಿದ್ದನೆಂದೇ ಮನೆಯವರೆಲ್ಲ ನಂಬಿದ್ದರು. ಆ ಮದುವೆ ಬೇಡವೆಂದೇ ಊರು ಬಿಟ್ಟು ಓಡುತ್ತಿದ್ದೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ದೊಡ್ಡ ಆಪರೇಷನ್ ಮಾಡಿ ತೊಡೆಗೆ ರಾಡು ಹಾಕಿದರು.

"ವೀಳ್ಯ ಬದಲಾಯ್ಸಿದ್ಮೇಲೆ ಮುಗೀತು. ಹುಡುಗ ಎದ್ದು ನಡೆದ ದಿನವೇ ಧಾರೆ," ಎಂದರು ಹುಡುಗಿಯ ಅಪ್ಪ.

ಎದ್ದರೆ ಮಂಟಪ, ಮಲಗಿದರೆ ಮಂಚ. ಕಾಲು ಕೂಡಿಕೊಂಡ ಮೇಲೂ ಅವನು ನರಳುತ್ತ ಮಂಚವನ್ನೇ ಹಿಡಿದ. ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಗೋಡೆ ಹಿಡಿದು ಕಿಟಕಿಯವರೆಗೆ ನಡೆಯುತ್ತಿದ್ದ.

ಒಂದು ಮಧ್ಯಾಹ್ನ ಮದುವೆಯ ಹುಡುಗಿಯೇ ಗಂಜಿ ತಂದಳು. ಬಾಗಿಲು ಮುಂದೆ ಮಾಡಿದಳು.

"ನೀವು ಕಿಟಕಿ ಹತ್ರ ನಿಂತಿದ್ದನ್ನ ನೋಡ್ದೆ."

ಅವನು ಕೈ ಮುಗಿದ. "ದಮ್ಮಯ್ಯ, ಯಾರಿಗೂ ಹೇಳ್ಬೇಡಿ."

"ಹೇಳಲ್ಲ. ಭಾನುವಾರದವರೆಗೂ ಹಿಂಗೇ ನರಳ್ತಾ ಇರಿ. ಅಷ್ಟರಲ್ಲಿ ನಾನು ಓಡಿಹೋಗಿರ್ತೀನಿ."