ನಮ್ಮ ಯಜಮಾನ್ರು

ಸತ್ತ ನಟರ ಹಳೆಯ ಚಿತ್ರ, ದನಿಗಳಿಂದ ಯಂತ್ರದಲ್ಲಿ ಕಟ್ಟಿದ, ಕೇಳಿದ್ದಕ್ಕೆ ಉತ್ತರ ಕೊಡುವ ನೆರಳನ್ನು ರಂಗಕ್ಕೆ ಇಳಿಸುವುದು ಈಗ ಪರದೆ ಎಳೆದಷ್ಟೇ ಸಲೀಸು. ನಿಜಗುಣ ಹಂಚಿನಾಳ ತೀರಿಕೊಂಡ ಮೇಲೆ ಅವನ ಅಣ್ಣ ಆ ನೆರಳನ್ನು ನಮ್ಮ ಗದಗಿನ ನಾಟಕ ಕಂಪನಿಗೇ ಕೊಟ್ಟ.

ನಾನು ಈ ಕಂಪನಿಯ ಪ್ರಾಂಪ್ಟರ್. ಪರದೆಯ ಮರೆಯಿಂದ ನಿಜಗುಣನಿಗೆ ಮಾತು ಹೇಳಿಕೊಡುತ್ತಿದ್ದೆ, ಇಬ್ಬರೂ ಗಂಡಸರಾದರೂ ಅವನ ಜೊತೆಗೇ ಸಂಸಾರ ಮಾಡಿದೆ. ಸಿನಿಮಾದಲ್ಲಿ ಹೆಸರಾದ ಮೇಲೂ ಅವನು ಅದನ್ನು ಮುಚ್ಚಿಡಲಿಲ್ಲ. ಎಲ್ಲಿಗೆ ಹೋದರೂ "ಇವ್ರು ನಮ್ಮ ಯಜಮಾನ್ರು" ಎಂದು ನನ್ನನ್ನು ಮುಂದೆ ತರುತ್ತಿದ್ದ. ಜನ ಕಂಪನಿ ಮಾಲೀಕನೆಂದು ತಿಳಿದು ಕೈಮುಗಿದರೆ, "ಕಂಪನೀಗಲ್ರೀ, ನನಗ!" ಎಂದು ಗಹಗಹಿಸಿ ನಗುತ್ತಿದ್ದ.

ಹಂಚಿನಾಳರ ಮನೆತನಕ್ಕೆ ಮರ್ಯಾದೆಯೇ ದೊಡ್ಡದು. ಅಣ್ಣ ನೆರಳಿನಿಂದ ಆ ಎರಡನೆಯ ಮಾತನ್ನೂ ನಗುವನ್ನೂ ಅಳಿಸಿಯೇ ಕೊಟ್ಟಿದ್ದ. ಮೊದಲನೆಯ ಮಾತಿನಲ್ಲಿ ಆ ದಡ್ಡನಿಗೆ ತಪ್ಪೇನೂ ಕಾಣಲಿಲ್ಲ.

ನಿನ್ನೆ ಆಟ ಮುಗಿದ ಮೇಲೆ ಒಬ್ಬ ಮುದುಕಿ ರಂಗದ ಹತ್ತಿರ ಬಂದು ನನ್ನ ಕಡೆ ಕೈ ತೋರಿದಳು. "ನಿಜಗುಣಪ್ಪಾ, ಇವ್ರ ಯಾರ್ರಿ?"

"ಇವ್ರು ನಮ್ಮ ಯಜಮಾನ್ರು," ಎಂದಿತು ನೆರಳು.

"ಕಂಪನಿ ಚೊಲೋ ನಡಸೀರಿ ಬಿಡ್ರಿ," ಎಂದು ಮುದುಕಿ ನನಗೆ ಕೈಮುಗಿದಳು.

ನೆರಳು ಸುಮ್ಮನೆ ನಿಂತಿತ್ತು. ಮಾತು ಮರೆತಾಗ ಅವನು ನಿಲ್ಲುತ್ತಿದ್ದಂತೆಯೇ, ನನ್ನ ಕಡೆ ಕಿವಿ ಕೊಟ್ಟು. ನನ್ನ ನಾಲಿಗೆ ರೂಢಿಯಂತೆ ಪಿಸುಗುಟ್ಟಿತು: "ಕಂಪನೀಗಲ್ರೀ, ನನಗ."

"ಕಂಪನೀಗಲ್ರೀ, ನನಗ!" ಎಂದಿತು ನೆರಳು. ಪ್ರಾಂಪ್ಟರ್ ಹೇಳಿದ್ದನ್ನು ಯಾವ ನೆರಳಾದರೂ ಒಪ್ಪಿಸುತ್ತದೆ, ಅದರಲ್ಲೇನು ವಿಶೇಷ?

ಆದರೆ ನಗು ಎಂದು ನಾನು ಹೇಳಿಕೊಟ್ಟಿರಲಿಲ್ಲ.

ನಿಜಗುಣ ಗಹಗಹಿಸಿ ನಕ್ಕ.